ಶಿರೀನ್ ಬಿಟ್ಟ ಸಂದು

ನನ್ನ ಮೂರೂವರೆ ವರ್ಷದ ಮೊಮ್ಮಗನಿಗೆ ತನ್ನದೇ ಆದ ಒಂದು ಶೈಲಿ ಇದೆ ಎಂಬ ಸಂಗತಿ ಮೊನ್ನೆ ಲಿಖಿತವಾಗಿ ತಿಳಿದುಬಂತು. ಇಲ್ಲೇ ಹೈದರಾಬಾದಿನ ಕೊಂಡಾಪುರದಲ್ಲಿರುವ ನನ್ನ ಮಗಳು ಅವನನ್ನು ವಾರಕ್ಕೆರಡು ದಿನ ಒಂದು ಮಕ್ಕಳ ಕಲಾಕೇಂದ್ರಕ್ಕೆ ಕಳಿಸುತ್ತಾಳೆ. ಅಲ್ಲಿ ಬಣ್ಣದ ಮರಳು, ಕೈಯಿಂದ ಜಾರುವ ಜೆಲ್ಲಿ, ಹಿಸುಕಿದರೆ ನಿಟ್ಟುಸಿರು ಬಿಡುವ ಹಿಟ್ಟು, ಹೀಗೆ ಮುಟ್ಟಿ ನೋಡುವ ಸಾಮಾನುಗಳನ್ನೆಲ್ಲ ಪಾರದರ್ಶಕ ಡಬ್ಬಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ಮೂರು ತಿಂಗಳಾದ ಮೇಲೆ ಒಂದು ವರದಿ ಕೊಟ್ಟರು. ಮಗು ಒರಟು ವಸ್ತುಗಳಿಗಿಂತ ಜಾರುವ ವಸ್ತುಗಳನ್ನು ಇಷ್ಟಪಡುತ್ತದೆ, ಎಡಗೈ ಹೆಬ್ಬೆರಳನ್ನು ಹೆಚ್ಚು ಬಳಸುತ್ತದೆ, ಸ್ವಂತ ಶೈಲಿ ರೂಪುಗೊಳ್ಳುತ್ತಿದೆ ಎಂದು ಅದರಲ್ಲಿತ್ತು. ಮಗಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನಾನು ಓದಿದೆ, ನೀರು ಕುಡಿದೆ, ಮತ್ತೊಮ್ಮೆ ಓದಿದೆ. ಮೊಮ್ಮಗನ ಮೇಲೆ ಹೊಟ್ಟೆಕಿಚ್ಚು ಪಡುವುದು ಅಜ್ಜನಿಗೆ ಶೋಭೆಯಲ್ಲ, ನಿಜ. ಆದರೆ ಅರವತ್ತಾರು ವರ್ಷ ಬದುಕಿದ ನನಗೆ ಇಂಥದೊಂದು ಕಾಗದವನ್ನು ಇದುವರೆಗೆ ಯಾರೂ ಕೊಟ್ಟಿಲ್ಲ.

ಕೊಡುವ ಹಾಗೂ ಇರಲಿಲ್ಲ. ನಾನು ಡ್ರಾಫ್ಟ್ಸ್‌ಮನ್. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಗೆರೆ ಎಳೆದವನು. ನಮ್ಮ ಕೆಲಸದ ಮೊದಲ ಪಾಠವೇ ನಿನ್ನ ಕೈ ಕಾಣಬಾರದು ಎಂಬುದು. ಗೆರೆಯ ದಪ್ಪ ಇಷ್ಟೇ, ಬಾಣದ ಮೊನೆ ಇಷ್ಟೇ ಉದ್ದ, ಅಕ್ಷರ ಇಷ್ಟೇ ಎತ್ತರ. ಹತ್ತು ಜನ ಬರೆದ ನಕ್ಷೆಗಳನ್ನು ಕಲಸಿಟ್ಟರೆ ಒಬ್ಬನೇ ಬರೆದ ಹಾಗಿರಬೇಕು. ಹಾಗಿದ್ದವೋ? ಹೊರಗಿನವರ ಕಣ್ಣಿಗೆ ಇದ್ದವು. ನಮಗೆ ಮಾತ್ರ ದೂರದಿಂದಲೇ ಗೊತ್ತಾಗುತ್ತಿತ್ತು. ಒಬ್ಬನ ಬಾಣಗಳು ಊಟ ಮಾಡಿ ಮಲಗಿದ ಹಾಗೆ ಹೊಟ್ಟೆ ಉಬ್ಬಿಸಿಕೊಂಡಿರುತ್ತಿದ್ದವು. ಇನ್ನೊಬ್ಬ ಎರಡು ಎಂಬ ಅಂಕಿಯ ಬಾಲವನ್ನು ಯಾರಿಗೂ ತಿಳಿಯದಂತೆ ಒಂದು ಕೂದಲಿನಷ್ಟು ಮೇಲಕ್ಕೆತ್ತುತ್ತಿದ್ದ. ಸರ್ಕಾರ ಎಷ್ಟು ಅಳತೆಪಟ್ಟಿ ಹಿಡಿದರೂ ಮನುಷ್ಯನ ಕೈ ಎಲ್ಲೋ ಒಂದು ಕಡೆ ಇಣುಕಿಯೇ ಇಣುಕುತ್ತದೆ.

ಇದು ನನಗೆ ಹೊಸ ವಿಷಯವೂ ಆಗಿರಲಿಲ್ಲ. ಬಾಗಲಕೋಟೆಯಲ್ಲಿ ನನ್ನ ಬಾಲ್ಯದ ಮನೆಯಲ್ಲಿ ಅವ್ವ, ದೊಡ್ಡವ್ವ ಇಬ್ಬರೂ ರೊಟ್ಟಿ ಬಡಿಯುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದರೂ ಸದ್ದಿನಿಂದಲೇ ಇವತ್ತು ಯಾರ ಪಾಳಿ ಎಂದು ಹೇಳಬಹುದಿತ್ತು. ಅವ್ವನದು ಅವಸರದ ಕೈ; ಪಟಪಟ ಬಡಿದು ನಡುನಡುವೆ ಮಾತಾಡಲು ನಿಲ್ಲುವಳು. ದೊಡ್ಡವ್ವನದು ಒಂದೇ ಸಮ. ಅವ್ವನ ರೊಟ್ಟಿಯ ಅಂಚಿನಲ್ಲಿ ಸಣ್ಣ ಸೀಳು ಇದ್ದೇ ಇರುತ್ತಿತ್ತು. ನಾನು ಬುಟ್ಟಿಯಲ್ಲಿ ಕೈ ಆಡಿಸಿ ಆ ಸೀಳು ಸಿಕ್ಕ ರೊಟ್ಟಿಯನ್ನೇ ತೆಗೆದುಕೊಳ್ಳುತ್ತಿದ್ದೆ. ರೊಟ್ಟಿಗೆ ಸಹಿ ಹಾಕಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಇಷ್ಟೆಲ್ಲ ತಿಳಿದವನು, ನೋಡಿ, ಒಂದು ಐದು ವರ್ಷದ ಹುಡುಗಿಗೆ ಅನ್ಯಾಯ ಮಾಡಿದೆ. ಫ್ರಿಜ್ಜಿನ ಮೇಲಿನ ಕಾಗದ ಓದಿದ ದಿನದಿಂದ ಅದೇ ನೆನಪಾಗುತ್ತಿದೆ.

ಮೂವತ್ತು ವರ್ಷದ ಹಿಂದಿನ ಮಾತು. ಆಗಿನ್ನೂ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ. ನಾಚಾರಂ ಹತ್ತಿರ ನಮ್ಮ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ನೆಲ ಅಂತಸ್ತಿನ ಮನೆಯಲ್ಲಿ ನಾವಿದ್ದೆವು. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನನ್ನ ಹೆಂಡತಿ ಗಿರಿಜಾಗೆ ಮನೆ ಭಣಭಣ ಎನಿಸಿತು. ವಿಜಯಪುರದಲ್ಲಿ ಮದುವೆಗೆ ಮೊದಲು ಬಾಲವಾಡಿಯಲ್ಲಿ ಕೆಲಸ ಮಾಡಿದ್ದವಳು. ತಂದೆತಾಯಿ ಇಬ್ಬರೂ ದುಡಿಯುವ ಮನೆಗಳ ಚಿಕ್ಕ ಮಕ್ಕಳನ್ನು ಬೆಳಗಿನ ಹೊತ್ತು ನಮ್ಮ ವರಾಂಡದಲ್ಲಿ ಕೂಡಿಸಿಕೊಳ್ಳತೊಡಗಿದಳು. ಕನ್ನಡದವು, ತೆಲುಗಿನವು, ಉರ್ದುವಿನವು, ಎಲ್ಲ ಸೇರಿ ಹತ್ತು ಮಕ್ಕಳು.

ಗಿರಿಜಾ ಅಕ್ಷರ ಕಲಿಸುತ್ತಿರಲಿಲ್ಲ. ಮೈದಾ ಹಿಟ್ಟನ್ನು ನೀರಲ್ಲಿ ಕುದಿಸಿ ಗಂಜಿ ಮಾಡಿ, ಆರಿಸಿ, ನಾಲ್ಕು ಬೋಗುಣಿಗಳಿಗೆ ಸುರಿಯುತ್ತಿದ್ದಳು. ಒಂದಕ್ಕೆ ಅರಿಶಿನ, ಒಂದಕ್ಕೆ ಬೀಟ್‌ರೂಟಿನ ರಸ, ಒಂದಕ್ಕೆ ಬಟ್ಟೆಗೆ ಹಾಕುವ ನೀಲಿ, ಇನ್ನೊಂದಕ್ಕೆ ಜರಡಿ ಹಿಡಿದ ಕೆಮ್ಮಣ್ಣು. ಪಕ್ಕದಲ್ಲಿ ಹುಣಸೆ ಬೀಜ, ತೆಂಗಿನ ನಾರು, ಜೋಳದ ದಂಟಿನ ಬೆಂಡು. ಕಾಗದ ತರುತ್ತಿದ್ದವಳು ರಬಿಯಾ. ನಾಚಾರಂನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಅಲ್ಲಿ ಬಿಸಾಡುವ ಕಂದು ಕಾಗದದ ಹಾಳೆಗಳನ್ನು ಕೇಳಿ ತರುವಳು. ಅವಳ ಮಗಳೇ ಶಿರೀನ್.

"ಇದೆಲ್ಲಾ ಏನು?" ಎಂದು ನಾನು ಕೇಳಿದ್ದಕ್ಕೆ ಗಿರಿಜಾ ಒಂದೇ ಮಾತಲ್ಲಿ ಹೇಳಿದ್ದಳು, "ಮೊದಲು ಕೈಗೆ ತಿಳೀಲಿ ಬಿಡ್ರಿ. ಆಮ್ಯಾಲೆ ತಲೀಗೆ ತಾನ ತಿಳೀತೈತಿ."

ನಾನು ಬೆಳಗ್ಗೆ ಹೋಗಿ ಸಂಜೆ ಬರುವವನು. ಈ ರಾಡಿ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ವರ್ಷ ಕಾರ್ಖಾನೆಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದು ಹಿಮ್ಮಡಿ ಮೂಳೆ ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ವರಾಂಡದಲ್ಲಿ ಕುರ್ಚಿ, ಎದುರಿಗೊಂದು ಬೆತ್ತದ ಮೋಡಾದ ಮೇಲೆ ನನ್ನ ಬಿಳಿ ಕಾಲು. ಮೊದಲ ದಿನ ಹತ್ತೂ ಮಕ್ಕಳು ಆ ಕಾಲನ್ನು ಒಬ್ಬೊಬ್ಬರಾಗಿ ಬಂದು ತಟ್ಟಿ ನೋಡಿದವು. ಎರಡನೆಯ ದಿನ ಅದರ ಮೇಲೆ ಅರಿಶಿನದ ಐದು ಬೆರಳು ಮೂಡಿದವು. ಮೂರನೆಯ ದಿನಕ್ಕೆ ಪ್ಲಾಸ್ಟರಿನ ಬಿಳಿ ಹುಡುಕಿದರೂ ಸಿಗದಂತಾಯಿತು. ಎಕ್ಸ್‌ರೇಗೆ ಹೋದಾಗ ಡಾಕ್ಟರು ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದರು.

ಬೇರೆ ಕೆಲಸವಿಲ್ಲದವನು ಏನು ಮಾಡುತ್ತಾನೆ? ನೋಡುತ್ತಾನೆ. ನೋಡುತ್ತ ನೋಡುತ್ತ ನನಗೆ ಮಕ್ಕಳ ಕೈ ಗುರುತು ಹತ್ತಿತು. ಚಿಟ್ಟಿ ಎಂಬ ತೆಲುಗು ಹುಡುಗನಿಗೆ ಗಂಜಿ ಎಂದರೆ ಬಡಿಯುವ ವಸ್ತು. ಎರಡೂ ಅಂಗೈ ಮುಳುಗಿಸಿ ಕಾಗದದ ಮೇಲೆ ಧಪ್ ಧಪ್ ಎಂದು ಹೊಡೆಯುವನು. ಅವನ ಚಿತ್ರಗಳನ್ನು ನೋಡಿದರೇ ಸದ್ದು ಕೇಳಿಸುತ್ತಿತ್ತು. ಕಲಬುರಗಿ ಕಡೆಯ ಬಸು ಅದಕ್ಕೆ ತದ್ವಿರುದ್ಧ. ಒದ್ದೆ ಎಂದರೆ ಅವನಿಗೆ ಹೇಸಿಕೆ. ಕಿರುಬೆರಳ ತುದಿಯನ್ನಷ್ಟೇ ಅದ್ದಿ, ಒಂದು ಚುಕ್ಕೆ ಇಟ್ಟು, ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡು "ಟೀಚರ್, ಒರಸ್ರಿ" ಎನ್ನುವನು. ಒರಸಿದ ಮೇಲೆ ಮತ್ತೊಂದು ಚುಕ್ಕೆ. ಒಂದು ಬೆಳಗ್ಗೆ ಅವನು ಹನ್ನೊಂದು ಚುಕ್ಕೆ ಇಟ್ಟದ್ದನ್ನು ನಾನು ಎಣಿಸಿದ್ದೇನೆ. ನನಗೆ ಅವನ ಮೇಲೆ ಗೌರವವಿತ್ತು.

ಶಿರೀನ್ ಬೆರಳು ಬಳಸುತ್ತಿರಲಿಲ್ಲ. ಅಂಗೈಯನ್ನು ನಿಲ್ಲಿಸಿ, ಕಿರುಬೆರಳ ಕಡೆಯ ಅಂಚನ್ನು ಬೀಟ್‌ರೂಟಿನ ಗಂಜಿಗೆ ಅದ್ದಿ, ಕಾಗದದ ಮೇಲೆ ನಿಧಾನವಾಗಿ ಎಳೆಯುವಳು. ಎಳೆಯುವಾಗ ಇಡೀ ಮೈ ವಾಲುತ್ತಿತ್ತು, ನಾಲಿಗೆಯ ತುದಿ ಹೊರಬರುತ್ತಿತ್ತು. ಒಂದು ದೊಡ್ಡ ಸುತ್ತು. ಆದರೆ ಆ ಸುತ್ತು ಎಂದೂ ಕೂಡುತ್ತಿರಲಿಲ್ಲ. ಎರಡು ಬೆರಳಷ್ಟು ಸಂದು ಉಳಿಯುವಾಗ ಕೈ ಎತ್ತಿಬಿಡುವಳು. ಒಳಗೆ ಹುಣಸೆ ಬೀಜಗಳನ್ನು ಅಂಟಿಸುವಳು. ದಿನವೂ ಅದೇ ಸುತ್ತು, ಅದೇ ಸಂದು, ಒಳಗಿನ ಬೀಜಗಳು ಮಾತ್ರ ಬೇರೆ ಬೇರೆ. ಮುಗಿದ ಮೇಲೆ ಅದನ್ನು ನನ್ನ ಕುರ್ಚಿಯ ಹತ್ತಿರ ತಂದು, ಏನೂ ಹೇಳದೆ, ಒಣಗಲು ಬಿಸಿಲಿಗೆ ಇಟ್ಟು ಹೋಗುವಳು. ಹತ್ತು ಮಕ್ಕಳಲ್ಲಿ ನನಗೆ ಚಿತ್ರ ತೋರಿಸುತ್ತಿದ್ದವಳು ಅವಳೊಬ್ಬಳೇ. ನನ್ನ ಕಣ್ಣು ಪ್ರತಿ ಸಲವೂ ಆ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಕೂತ ಹಾಗೆ.

ಅಷ್ಟರಲ್ಲಿ ತೊಂದರೆ ಬಂತು. ಮೇಲಿನ ಮನೆಯವರು ಒಂದು ಬೆಳಗ್ಗೆ ಇಳಿದು ಬಂದು, "ಏಮಂಡೀ ಗಿರಿಜಗಾರೂ, ಮೆಟ್ಲ ನಿಂಡಾ ಪಸುಪು ಚೇತುಲೇ!" ಎಂದರು. ಮೆಟ್ಟಿಲ ತುಂಬ ಅರಿಶಿನದ ಕೈಗಳು ಎಂಬುದು ಸುಳ್ಳೇನಲ್ಲ. ವಾರದೊಳಗೆ, ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಕೂಡಿಸುವಂತಿಲ್ಲ ಎಂದು ಆಫೀಸಿನಿಂದ ಚೀಟಿ ಬಂತು. ಸಮುದಾಯ ಭವನದ ಪಕ್ಕದಲ್ಲಿ ಒಂದು ಖಾಲಿ ಕೋಣೆಯಿತ್ತು. ಅದನ್ನು ಕೊಡಿರೆಂದು ಗಿರಿಜಾ ಕಾಲೊನಿಯ ಸಂಘಕ್ಕೆ ಅರ್ಜಿ ಹಾಕಿದಳು. ಸಂಘದ ಅಧ್ಯಕ್ಷರು ಮೈಸೂರು ಕಡೆಯ ಹಿರಿಯ ಅಧಿಕಾರಿ, ಬಹಳ ಸಭ್ಯರು, ಬಹಳ ಇಸ್ತ್ರಿ ಮಾಡಿದವರು. "ಮಕ್ಕಳು ಏನು ಮಾಡ್ತಾರೆ ಅಂತ ಭಾನುವಾರ ಒಂದು ಪ್ರದರ್ಶನ ಇಡಿಯಮ್ಮ. ನೋಡಿ ಹೇಳೋಣ" ಎಂದರು. ಕೋಣೆ ಸಿಗದಿದ್ದರೆ ಹತ್ತು ಮಕ್ಕಳು ಬೀಗ ಹಾಕಿದ ಮನೆಯೊಳಗೋ ಅಮ್ಮನ ಕಾರ್ಖಾನೆಯ ಗೇಟಿನ ಬಳಿಯೋ ಕೂರಬೇಕಿತ್ತು.

ಶನಿವಾರ ಸಂಜೆ ಗಿರಿಜಾ ತರಕಾರಿಗೆ ಹೋಗಿದ್ದಳು. ವರಾಂಡದ ಹಗ್ಗಕ್ಕೆ ತಾನು ಆರಿಸಿದ ಚಿತ್ರಗಳನ್ನು ಚಿಮಟಿ ಹಾಕಿ ತೂಗುಬಿಟ್ಟಿದ್ದಳು. ನಾನು ಒಂದೊಂದಾಗಿ ನೋಡಿದೆ. ಚಿಟ್ಟಿಯದನ್ನು ಯಾವ ಡ್ರಾಫ್ಟ್ಸ್‌ಮನ್ನೂ ಉದ್ಧಾರ ಮಾಡಲಾರ. ಬಸುವಿನ ಚುಕ್ಕೆಗಳು ಸರಿಯಾಗಿಯೇ ಇದ್ದವು. ಶಿರೀನಳ ಹನ್ನೆರಡು ಹಾಳೆಗಳು ಮಾತ್ರ ಇನ್ನೇನು ಮುಗಿಯಬೇಕು, ಎರಡೇ ಬೆರಳು ಬಾಕಿ ಎನ್ನುವಂತೆ ನನ್ನನ್ನೇ ನೋಡುತ್ತಿದ್ದವು. ಇಸ್ತ್ರಿ ಮಾಡಿದ ಅಧ್ಯಕ್ಷರ ಕಣ್ಣಿಗೆ ಇವು ಅರ್ಧಕ್ಕೆ ಬಿಟ್ಟವೆಂದು ಕಾಣಬಾರದು ಎಂದುಕೊಂಡೆ. ಮಗುವಿಗೆ ಉಪಕಾರ ಮಾಡುತ್ತಿದ್ದೇನೆಂದೂ ಅಂದುಕೊಂಡೆ. ಕುಂಟುತ್ತ ಹೋಗಿ ಒಳಗಿನಿಂದ ನನ್ನ ಪೆನ್ನು, ಕಪ್ಪು ಶಾಯಿ ತಂದು, ಹನ್ನೆರಡೂ ಸುತ್ತುಗಳನ್ನು ಕೂಡಿಸಿದೆ. ಬೀಟ್‌ರೂಟಿನ ಗೆರೆ ಎಲ್ಲಿ ನಿಂತಿತ್ತೋ ಅಲ್ಲಿಂದ ಅದೇ ಬಾಗು ಹಿಡಿದು, ಅದೇ ದಪ್ಪಕ್ಕೆ. ಕೆಲಸ ಅಚ್ಚುಕಟ್ಟಾಗಿತ್ತೆಂದು ಇವತ್ತಿಗೂ ಹೇಳಬಲ್ಲೆ. ಅದೇ ಅದರ ಕೆಟ್ಟತನ.

ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ರಬಿಯಾ ಮಗಳನ್ನು ಕರೆದುಕೊಂಡು ಬಂದಳು. ಶಿರೀನ್ ಹೊಸ ಫ್ರಾಕು ತೊಟ್ಟಿದ್ದಳು. ನೇರ ಹಗ್ಗದ ಹತ್ತಿರ ಹೋಗಿ ಮೊದಲ ಹಾಳೆಯ ಮುಂದೆ ನಿಂತಳು. ಕಪ್ಪು ಶಾಯಿಯ ಮೇಲೆ ಬೆರಳಿಟ್ಟಳು. ಎರಡನೆಯದಕ್ಕೆ ಹೋದಳು, ಮೂರನೆಯದಕ್ಕೆ ಹೋದಳು. ಹನ್ನೆರಡನ್ನೂ ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು. ಅಳಲಿಲ್ಲ.

"ದರ್ವಾಜಾ ಬಂದ್ ಕರ್ ದಿಯೇ, ಅಂಕಲ್," ಎಂದಳು. "ಅಂದರ್ ಕೇ ಲೋಗಾಂ ಅಬ್ ಬಾಹರ್ ಕೈಸಾ ಆತೇ?"

ಬಾಗಿಲು ಹಾಕಿಬಿಟ್ಟಿರಿ, ಒಳಗಿನ ಮಂದಿ ಇನ್ನು ಹೊರಗೆ ಹೇಗೆ ಬರುತ್ತಾರೆ? ಹುಣಸೆ ಬೀಜಗಳು ಮಂದಿ ಎಂಬುದು ನನಗೆ ಆಗ ತಿಳಿಯಿತು. ಐದು ವಾರ ದಿನವೂ ನನ್ನ ಮುಂದೆ ತಂದಿಟ್ಟಿದ್ದಳು. ಒಮ್ಮೆಯೂ ಇದೇನು ಎಂದು ನಾನು ಕೇಳಿರಲಿಲ್ಲ.

ರಬಿಯಾಗೆ ನನ್ನ ಮುಖ ನೋಡಿ ಪಾಪ ಎನಿಸಿರಬೇಕು. "ಐಸಾ ನಕ್ಕೋ ಬೋಲೋ ಬೇಟಾ, ಅಂಕಲ್ ಅಚ್ಛೇಚ್ ಕರೇ ನಾ," ಹಾಗನ್ನಬೇಡ, ಅಂಕಲ್ ಒಳ್ಳೆಯದನ್ನೇ ಮಾಡಿದ್ದಾರೆ ಎಂದು ಮಗಳನ್ನು ಸುಮ್ಮನಾಗಿಸಲು ನೋಡಿದಳು. ಅವಳು ನನ್ನ ಪರ ವಹಿಸಿದ್ದೇ ನನಗೆ ಹೆಚ್ಚು ಚುಚ್ಚಿತು. ಶಿರೀನ್ ಬಾಗಿಲ ಹಿಂದೆ ಹೋಗಿ, ಎರಡೂ ಕೈಗಳನ್ನು ಫ್ರಾಕಿನೊಳಗೆ ಬಚ್ಚಿಟ್ಟುಕೊಂಡು ಕೂತಳು.

ಅಡಿಗೆಮನೆಯಿಂದ ಬಂದ ಗಿರಿಜಾ ಹಗ್ಗವನ್ನು ನೋಡಿದಳು, ನನ್ನನ್ನು ನೋಡಿದಳು.

"ಏನ್ ಮಾಡಿಟ್ಟೀರಿ ಇದು?"

"ಚಂದ ಕಾಣ್ಲಿ ಅಂತ..."

"ಯಾರ ಕಣ್ಣಿಗೆ?"

ಅವಳು ದನಿ ಏರಿಸಲಿಲ್ಲ. "ಆ ಹುಡುಗಿ ಇಲ್ಲಿ ಬಂದಾಗ ಮೂರು ವಾರ ಬೋಗುಣಿ ಮುಟ್ಟಿರಲಿಲ್ರೀ. ಕೈ ಹಚ್ಚಿದ್ರ ಯಾರರೆ ಬೈತಾರ ಅಂತ ಅಂಜತಿತ್ತು. ಈಗ ಮತ್ತ ಕೈ ಒಳಗ ಇಟಗೊಂಡ್ತು ನೋಡ್ರಿ," ಎಂದಳು.

ಪ್ರದರ್ಶನಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ನಕ್ಷೆ ವಿಭಾಗದಲ್ಲಿ ತಪ್ಪು ಗೆರೆ ಬಿದ್ದರೆ ಅರ್ಧ ಬ್ಲೇಡಿನಿಂದ ಶಾಯಿಯನ್ನು ಹೆರೆದು ತೆಗೆಯುತ್ತೇವೆ. ನಾನು ಗಡ್ಡದ ಪೆಟ್ಟಿಗೆಯಿಂದ ಬ್ಲೇಡು ತಂದು, ಪ್ಲಾಸ್ಟರಿನ ಕಾಲನ್ನು ಮುಂದೆ ಚಾಚಿ ನೆಲದ ಮೇಲೆ ಕೂತೆ. ಮೊದಲ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಹೆರೆದೆ. ನಮ್ಮ ಟ್ರೇಸಿಂಗ್ ಹಾಳೆ ಶಾಯಿಯನ್ನು ಮೇಲೆಯೇ ಹೊತ್ತುಕೊಂಡಿರುತ್ತದೆ. ಬಿಸ್ಕತ್ತಿನ ಕಾಗದ ಅದನ್ನು ಕುಡಿದುಬಿಟ್ಟಿತ್ತು. ಹೆರೆದಷ್ಟೂ ಕಪ್ಪು. ಇನ್ನೂ ಸ್ವಲ್ಪ ಒತ್ತಿದೆ. ಕಾಗದ ತೂತು ಬಿತ್ತು. ಎರಡನೆಯದೂ ತೂತು ಬಿತ್ತು. ಮೂರನೆಯದೂ.

ನೆರಳು ಬಿತ್ತೆಂದು ತಲೆ ಎತ್ತಿದರೆ ಶಿರೀನ್. ಬಾಗಿಲ ಹಿಂದಿನಿಂದ ಯಾವಾಗ ಬಂದಳೋ. ತೂತನ್ನು ನೋಡಿದಳು. ಫ್ರಾಕಿನೊಳಗಿನಿಂದ ಒಂದು ಕೈ ಹೊರಬಂತು. ತೋರುಬೆರಳನ್ನು ತೂತಿನೊಳಗೆ ಹಾಕಿದಳು. ಬೆರಳು ಕಾಗದದ ಆ ಕಡೆ ಹೊರಟು, ಆಚೀಚೆ ಆಡಿತು.

"ಖುಲ್ ಗಯಾ," ಎಂದಳು. ತೆರೆಯಿತು.

ಬ್ಲೇಡಿಗೆ ಕೈ ಚಾಚಿದಳು. ಕೊಡಲಿಲ್ಲ. ಗಿರಿಜಾ ಪಕ್ಕದಲ್ಲಿ ಕೂತು, ಕಾಗದದ ಒಂದು ಮೂಲೆಯನ್ನು ಒದ್ದೆ ಮಾಡಿ, ಬೆರಳಲ್ಲಿ ಒತ್ತಿದರೂ ಅದು ಬಿಟ್ಟುಕೊಳ್ಳುತ್ತದೆ ಎಂದು ತೋರಿಸಿದಳು. ಶಿರೀನ್ ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು ಉಳಿದ ಒಂಬತ್ತು ಬಾಗಿಲುಗಳನ್ನು ತಾನೇ ತೆರೆದಳು. ಬ್ಲೇಡಿನ ನನ್ನ ಮೂರು ತೂತುಗಳು ಒಂದೇ ನಮೂನೆ ಇದ್ದವು. ಅವಳ ಒಂಬತ್ತರಲ್ಲಿ ಒಂದರ ಹಾಗೆ ಒಂದಿರಲಿಲ್ಲ. ಕೆಲವಕ್ಕೆ ಹರಿದ ಚೂರನ್ನು ಬಾಗಿಲ ಹಾಗೆ ಹೊರಕ್ಕೆ ಮಡಿಸಿಟ್ಟಳು. ಆಮೇಲೆ ಅವನ್ನು ಗೋಡೆಗೆ ಹಚ್ಚಬಾರದೆಂದಳು. ಗೋಡೆಗೆ ಹಚ್ಚಿದರೆ ಮತ್ತೆ ಬಾಗಿಲು ಮುಚ್ಚುತ್ತದಲ್ಲ. ಸಮುದಾಯ ಭವನದಲ್ಲಿ ಕಿಟಕಿಗೆ ಅಡ್ಡಲಾಗಿ ಹಗ್ಗ ಕಟ್ಟಿ ತೂಗುಹಾಕಿದೆವು. ಬಿಸಿಲು ಆ ತೂತುಗಳಿಂದ ಇಳಿದು ನೆಲದ ಮೇಲೆ ಹನ್ನೆರಡು ಬೆಳಕಿನ ಚೂರು ಬಿದ್ದವು. ಮಕ್ಕಳು ಅದರ ಮೇಲೆ ಕುಣಿದವು.

ಅಧ್ಯಕ್ಷರು ಬಂದರು. ಕೈ ಹಿಂದೆ ಕಟ್ಟಿಕೊಂಡು ನೋಡಿ, "ಇದೇನಮ್ಮಾ, ಇವೆಲ್ಲ ಹರಿದುಹೋಗಿವೆಯಲ್ಲ?" ಎಂದರು.

"ಬಾಗಲಾ ಸರ್," ಎಂದಳು ಗಿರಿಜಾ.

ಅವರಿಗೆ ಅರ್ಥವಾಯಿತೆಂದು ನನಗನಿಸುವುದಿಲ್ಲ. ಆದರೆ ಅವರ ಜೊತೆ ಬಂದಿದ್ದ ಮೊಮ್ಮಗ ಅಷ್ಟರಲ್ಲಿ ಚಿಟ್ಟಿಯ ಪಕ್ಕದಲ್ಲಿ ಕೂತು ನೀಲಿ ಗಂಜಿಯಲ್ಲಿ ಮೊಣಕೈವರೆಗೆ ಮುಳುಗಿದ್ದ. ಅವನನ್ನು ಎಬ್ಬಿಸಲು ಮೂವರು ದೊಡ್ಡವರು ಬೇಕಾದರು, ಆಗಲೂ ಏಳಲಿಲ್ಲ. ಅವನು ದಿನವೂ ಬರುತ್ತೇನೆಂದು ಹಟ ಹಿಡಿದ. ಬುಧವಾರಕ್ಕೆ ಕೋಣೆಯ ಬೀಗದಕೈ ನಮ್ಮ ಮನೆಗೆ ಬಂತು.

ಕತೆ ಇಲ್ಲಿಗೇ ನಿಂತಿದ್ದರೆ ನಾನು ಆರಾಮವಾಗಿರುತ್ತಿದ್ದೆ. ಶಿರೀನ್ ಮತ್ತೆ ಚಿತ್ರ ಬಿಡಿಸಿದಳು, ತೂತು ಬಾಗಿಲುಗಳ ಜೊತೆಗೆ ತೂತು ಕಿಟಕಿಗಳನ್ನೂ ಮಾಡಿದಳು. ಆದರೆ ನನಗೆ ತೋರಿಸಲಿಲ್ಲ. ನಾನು ಹತ್ತಿರ ಹೋದರೆ ಎಡಗೈಯನ್ನು ಹಾಳೆಯ ಸುತ್ತ ಬಳಸಿ ಮುಚ್ಚಿಕೊಳ್ಳುವಳು. ಸಿಟ್ಟಲ್ಲ; ಜೋಪಾನ. ಒಂದೆರಡು ತಿಂಗಳಲ್ಲಿ ಅವಳ ತಂದೆಗೆ ನಗರದ ಇನ್ನೊಂದು ತುದಿಯ ಮೆಹದಿಪಟ್ಟಣಂನಲ್ಲಿ ಕೆಲಸ ಸಿಕ್ಕಿ ಅವರು ಆ ಕಡೆ ಮನೆ ಮಾಡಿದರು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿ ನಾನೂ ಮತ್ತೆ ಕಾರ್ಖಾನೆಗೆ ಹೋಗತೊಡಗಿದ್ದೆ. ಮುಂದೆ ಎಷ್ಟೋ ವರ್ಷ, ನಕ್ಷೆಯಲ್ಲಿ ಯಂತ್ರದ ಬೇರಿಂಗಿನ ಸುತ್ತನ್ನು ಕೂಡಿಸುವಾಗ ಕೊನೆಯ ಎರಡು ಬೆರಳಷ್ಟು ಸಂದಿನಲ್ಲಿ ನನ್ನ ಪೆನ್ನು ಒಂದು ಚಣ ತಡೆಯುತ್ತಿತ್ತು. ಬೇರಿಂಗಿಗೆ ಬಾಗಿಲು ಬೇಡ ಎಂದು ಸಮಾಧಾನ ಹೇಳಿಕೊಂಡು ಮುಂದೆ ಎಳೆಯುತ್ತಿದ್ದೆ.

ಗಿರಿಜಾ, ರಬಿಯಾ ಸಂಪರ್ಕ ಬಿಡಲಿಲ್ಲ. ಹಬ್ಬಕ್ಕೊಮ್ಮೆ ಫೋನು, ಎಂದಾದರೊಮ್ಮೆ ಹೋಗಿಬರುವುದು. ಹೋಗುವವಳು ಗಿರಿಜಾ, ನನಗೆ ಯಾವಾಗಲೂ ಏನೋ ಒಂದು ನೆವ ಇರುತ್ತಿತ್ತು. ಕಳೆದ ಈದ್‌ಗೆ ನಾನೂ ಹೋದೆ. ಶಿರೀನ್ ಅಲ್ಲಿದ್ದಳು. ಈಗ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಇಬ್ಬರು ಮಕ್ಕಳು. ನಮಗೆ ಶೀರ್ ಖುರ್ಮಾದ ಬಟ್ಟಲು ಕೊಟ್ಟು ಎದುರಿಗೆ ಕೂತಳು. ಆಡಬೇಕಾದ ಮಾತನ್ನು ಮುಂದೂಡುತ್ತ ನಾನು ಶ್ಯಾವಿಗೆಯನ್ನು ಎಳೆ ಎಳೆಯಾಗಿ ತಿಂದೆ. ಕೊನೆಗೆ ನನ್ನ ಹರಕುಮುರುಕು ಹಿಂದಿಯಲ್ಲಿ ಆಡಿಯೇಬಿಟ್ಟೆ. ನೀನು ಚಿಕ್ಕವಳಿದ್ದಾಗ ನಿನ್ನ ಚಿತ್ರಗಳನ್ನು ನಾನು ಕೆಡಿಸಿದೆ, ಬಾಗಿಲುಗಳನ್ನು ಮುಚ್ಚಿದೆ, ಅದಕ್ಕೆ ಕ್ಷಮೆ ಕೇಳಬೇಕೆಂದು ಮೂವತ್ತು ವರ್ಷದಿಂದ ಅಂದುಕೊಂಡಿದ್ದೇನೆ ಎಂದೆ.

ಶಿರೀನ್ ಕಕ್ಕಾಬಿಕ್ಕಿಯಾಗಿ ಅಮ್ಮನ ಮುಖ ನೋಡಿದಳು. "ಕೌನ್‌ಸೀ ತಸ್ವೀರಾಂ, ಅಂಕಲ್? ಮೇರೆಕು ತೋ ಕುಚ್ ಯಾದ್ ನಹೀ!" ಎಂದು ನಕ್ಕಳು. ಯಾವ ಚಿತ್ರಗಳು? ಸುತ್ತು ನೆನಪಿಲ್ಲ, ಬೀಜ ನೆನಪಿಲ್ಲ, ಬಾಗಿಲೂ ನೆನಪಿಲ್ಲ. ಆಮೇಲೆ ಸ್ವಲ್ಪ ತಡೆದು, ಒಂದೇ ಒಂದು ನೆನಪಿದೆ ಎಂದಳು. ನೀವು ವರಾಂಡದ ನಲ್ಲಿಯ ಹತ್ತಿರ ಮಣೆ ಹಾಕಿಕೊಂಡು, ಪ್ಲಾಸ್ಟರಿನ ಕಾಲು ಚಾಚಿ ಕೂತು ನಮ್ಮ ಕೈ ತೊಳೆಸುತ್ತಿದ್ದಿರಿ. ಏಕ್ ಏಕ್ ಉಂಗ್ಲೀ. ಒಂದೊಂದೇ ಬೆರಳು, ಉಗುರಿನ ಸಂದು ಸಹ. ಅಮ್ಮಿಗೆ ಕೆಲಸಕ್ಕೆ ಹೋಗುವ ಅವಸರ. ಅಷ್ಟು ಹೊತ್ತು ನನ್ನ ಕೈಯನ್ನು ಯಾರೂ ಹಿಡಿದುಕೊಂಡಿದ್ದಿಲ್ಲ. ಅಂಕಲ್‌ಗೆ ನಮ್ಮ ಮೇಲೆ ಎಷ್ಟು ಪ್ರೀತಿ ಅಂದುಕೊಳ್ಳುತ್ತಿದ್ದೆ ಎಂದಳು.

ನಿಜ ಏನೆಂದರೆ, ಆ ವರ್ಷವಷ್ಟೇ ನಮ್ಮ ಮನೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಹತ್ತು ಮಕ್ಕಳ ಇಪ್ಪತ್ತು ಕೈಗಳಿಂದ ಗೋಡೆಯನ್ನು ಕಾಪಾಡಲು ನಾನು ನಲ್ಲಿಯ ಬಳಿ ಕಾವಲು ಕೂತಿದ್ದೆ, ಅಷ್ಟೇ. ಗಿರಿಜಾಗೆ ಇದು ಚೆನ್ನಾಗಿ ಗೊತ್ತು. ಸೆರಗಿನಿಂದ ಬಾಯಿ ಮರೆಮಾಡಿಕೊಂಡು ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಈ ತಪ್ಪನ್ನು ತಿದ್ದಿ, ಈ ಸುತ್ತನ್ನೂ ಕೂಡಿಸಿಬಿಡುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಶಿರೀನ್ ಖಾಲಿ ಬಟ್ಟಲು ತೆಗೆದುಕೊಳ್ಳಲು ಕೈ ಚಾಚಿದಳು. ನಾನು ಆ ಕೈ ನೋಡಿದೆ. ಗಣಿತ ಕಲಿಸುವವಳ ಕೈ, ಬೆರಳ ತುದಿಗೆ ಸೀಮೆಸುಣ್ಣ ಹಿಡಿದು ಹಿಡಿದು ಒರಟಾದದ್ದು. "ಇನ್ನೊಂದು ಸ್ವಲ್ಪ ಹಾಕಮ್ಮ," ಎಂದೆ.